ನೋವಿಲ್ಲದ ದಿನ ಏನು ಮಾಡ್ತೀರಿ

ಜೀಶಾನ್ ಕೊಟ್ಟಾಗಲೇ ಹಾಗಿತ್ತು ಎಂದು ಹೇಮಶ್ರೀ ಹೇಳಿದಾಗ ಅದು ಸುಳ್ಳು ಎಂದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದು ಹೇಳುವ ಸುಳ್ಳಿಗಾದರೂ ಸ್ವಲ್ಪ ಧೈರ್ಯ ಬೇಕಾಗುತ್ತದೆ. ಇದು ಆಕಳಿಕೆಯ ಹಾಗೆ ತಾನಾಗಿ ಹೊರಟುಬಿಟ್ಟಿತ್ತು. ಸಿ.ವಿ. ರಾಮನ್ ನಗರದ ಒಂದು ಮನೆಯ ಮೊದಲ ಮಹಡಿಯಲ್ಲಿದ್ದ ಆ ಪುಟ್ಟ ಆರೋಗ್ಯ ಸಂಸ್ಥೆಯಲ್ಲಿ ಬೆಳಗಿನ ಮೀಟಿಂಗ್ ನಡೆಯುತ್ತಿತ್ತು. ಊರಿನ ಪೂರ್ವ ಭಾಗದಲ್ಲಿ ಅರವತ್ತು ದಾಟಿದವರ ಮಂಡಿನೋವಿನ ಬಗ್ಗೆ ಸಂಸ್ಥೆ ಒಂದು ಸಮೀಕ್ಷೆ ಮಾಡಿತ್ತು. ಅದರ ಫಲಿತಾಂಶವನ್ನು ಕಿರುಪುಸ್ತಕವಾಗಿ ಅಚ್ಚು ಹಾಕಿಸಿ, ಉತ್ತರ ಕೊಟ್ಟ ಜನರನ್ನೇ ಭಾನುವಾರ ಕೂಡಿಸಿ ಓದಿ ಹೇಳುವುದೆಂದು ತೀರ್ಮಾನವಾಗಿತ್ತು. ಕೋಷ್ಟಕಗಳೆಲ್ಲ ಸರಿಯಾಗಿದ್ದವು, ಅವು ಹೇಮಶ್ರೀಯ ಕೆಲಸ, ಅಂಕಿಅಂಶದಲ್ಲಿ ಅವಳು ತಪ್ಪುವವಳಲ್ಲ. ಕೊನೆಯ ಪ್ರಶ್ನೆಯ ಉತ್ತರಗಳ ಹತ್ತಿರ ಬಂದಾಗ ಮಾತ್ರ ಪರದೆಯ ತುಂಬ "à²¨à³‹à²µà³?" ಎಂಬಂಥ ಸಾಲುಗಳು ಕಾಣಿಸಿಕೊಂಡವು. ತಲೆಯ ಮೇಲೆ ಗೀಟು ಹೊತ್ತ ಯಾವುದೋ ದೇಶದ ಅಕ್ಷರ, ಪುಟ್ಟ ಎರಡು, ಪುಟ್ಟ ಮೂರು, ನಡುನಡುವೆ ಪ್ರಶ್ನೆ ಚಿಹ್ನೆ. ಸಂಸ್ಥೆಯ ಮುಖ್ಯಸ್ಥೆ ನಂದಿತಾ ಕನ್ನಡಕ ಹಣೆಗೇರಿಸಿ, "ಇದೇನು ಹೇಮಾ? ನಮ್ಮ ಅಜ್ಜಿಯಂದಿರು ಫ್ರೆಂಚ್ ಮಾತಾಡಿದ್ರಾ?" ಎಂದರು. ಪುಸ್ತಕದ ಪುಟ ವಿನ್ಯಾಸ ಮಾಡುವ ಹಂಸ ಕಿಸಕ್ಕನೆ ನಕ್ಕಳು. ಆ ನಗುವೇ ಸಾಕಾಯಿತು. "ಜೀಶಾನ್ ಕೊಟ್ಟಾಗ್ಲೇ ಹಾಗಿತ್ತು ಮೇಡಂ," ಎಂದಳು ಹೇಮಶ್ರೀ.

ಮಾತು ಮುಗಿಯುವ ಮುಂಚೆಯೇ ಆ ದನಿ ತನ್ನದಲ್ಲ ಅನ್ನಿಸಿತು. ಅದು ಅವಳ ತಂದೆ ಅಂಜನಮೂರ್ತಿಯವರ ದನಿ. ಹಲಸೂರಿನ ವಠಾರದ ಮನೆಯಲ್ಲಿ ಅಪ್ಪನ ಕೈಗೆ ಬಂದದ್ದು ಯಾವುದೂ ಉಳಿಯುತ್ತಿರಲಿಲ್ಲ. ರೇಡಿಯೋದ ತಿರುಗಣೆ, ಛತ್ರಿಯ ಕಡ್ಡಿ, ಒಮ್ಮೆ ಪಕ್ಕದ ಮನೆಯವರ ಗೋಡೆ ಗಡಿಯಾರ, ಎಲ್ಲದಕ್ಕೂ ಅವರದ್ದು ಒಂದೇ ಮಾತು: ಅದು ಮೊದ್ಲೇ ಹಂಗಿತ್ತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಹೇಮಶ್ರೀಯೂ ನಗುತ್ತಿದ್ದಳು, ಆದರೆ ಆ ಹೊತ್ತಿನಲ್ಲಿ ಅಪ್ಪನ ಕಿವಿಯ ತುದಿ ಕೆಂಪಾಗುತ್ತಿದ್ದುದನ್ನೂ ನೋಡುತ್ತಿದ್ದಳು. ಈಗ ತನ್ನ ಕಿವಿ ಮುಟ್ಟಿ ನೋಡಿಕೊಂಡಳು. ಬಿಸಿಯಾಗಿತ್ತು. ಎಲ್ಲರೂ ಮುಂದಿನ ವಿಷಯಕ್ಕೆ ಹೋಗಿದ್ದರು. ನಂದಿತಾ ಎದ್ದು ಹೋಗುವಾಗ, "ಆಗದಿದ್ರೆ ಆ ಪ್ರಶ್ನೇನೇ ಬಿಟ್ಬಿಡೋಣ. ನಾಳೆ ಬೆಳಿಗ್ಗೆ ಪ್ರೆಸ್‌ಗೆ ಹೋಗ್ಲೇಬೇಕು," ಎಂದರು.

ಆ ಪ್ರಶ್ನೆಯನ್ನು ಸೇರಿಸಿದವನು ಕೆಲವು ತಿಂಗಳ ಹಿಂದೆ ಸಂಸ್ಥೆ ಬಿಟ್ಟು ಹೋದ ಜೀಶಾನ್. ನೋವಿಲ್ಲದ ದಿನ ಏನು ಮಾಡ್ತೀರಿ? ಎಷ್ಟು ನೋವು, ಎಲ್ಲಿ ನೋವು, ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಎಂದು ನಲವತ್ತು ಪ್ರಶ್ನೆ ಕೇಳಿದ ಮೇಲೆ ಕೊನೆಗೊಂದು ಹೀಗಿರಲಿ ಎಂದು ಅವನು ಹಟ ಹಿಡಿದಿದ್ದ. ಇದನ್ನು ಎಣಿಸುವುದು ಹೇಗೆ ಎಂದು ಹೇಮಶ್ರೀ ಕೇಳಿದ್ದಳು. ಎಣಿಸ್ಬೇಡ, ಓದು, ಎಂದಿದ್ದ. ಹೀಗೆ ಜನ ಹೇಳಿದ್ದನ್ನು ಹೇಳಿದಂತೆಯೇ ಕನ್ನಡದಲ್ಲಿ ಟೈಪ್ ಮಾಡಿಕೊಂಡ ಮುನ್ನೂರು ಚಿಲ್ಲರೆ ಉತ್ತರಗಳು ಈಗ ಅವಳ ಮುಂದೆ ಕಸವಾಗಿ ಬಿದ್ದಿದ್ದವು. ಕಾರಣ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಕಂಪ್ಯೂಟರಿನ ಒಳಗೆ ಪ್ರತಿ ಕನ್ನಡ ಅಕ್ಷರವೂ, ಪ್ರತಿ ಗುಣಿತದ ಚಿಹ್ನೆಯೂ ಮೂರು ತುಂಡಾಗಿ ಕೂತಿರುತ್ತದೆ. ಇದು ಕನ್ನಡ ಎಂದು ಹೇಳಿದರೆ ಅದು ಮೂರನ್ನೂ ಸೇರಿಸಿ ಓದುತ್ತದೆ. ಇದು ಯೂರೋಪಿನ ಲಿಪಿ ಎಂದು ತಪ್ಪು ಹೇಳಿದರೆ ಪ್ರತಿ ತುಂಡನ್ನೂ ಒಂದೊಂದು ಅಕ್ಷರವೆಂದು ತಿಳಿದು ಬೇರೆ ಬೇರೆ ಬರೆಯುತ್ತದೆ. ಯಾರೋ ತಪ್ಪು ಹೇಳಿದ್ದರು. ಅದನ್ನೇ ತಿರುಗಿಸಿ ಮಾಡಿದರಾಯಿತು ಎಂದುಕೊಂಡು ಅವಳು ಆ ಫೈಲನ್ನು ಸಾಫ್ಟ್‌ವೇರಿಗೆ ಕೊಟ್ಟಳು. ಬೂದು ಬಣ್ಣದ ಒಂದು ಚೌಕ ಪರದೆಯ ನಡುವೆ ಎದ್ದು ನಿಂತು, ಕೆಲವು ತುಂಡುಗಳಿಗೆ ಸರಿಸಮನಾದ ಅಕ್ಷರವಿಲ್ಲ, ಅಲ್ಲೆಲ್ಲ ಪ್ರಶ್ನೆ ಚಿಹ್ನೆ ಹಾಕಲೇ ಎಂದು ಕೇಳಿತು. ಕೆಳಗೆ ಎರಡು ಗುಂಡಿ: ಹೌದು, ಬೇಡ.

ಆ ಚೌಕವನ್ನು ಅವಳು ಮೊದಲೂ ನೋಡಿದ್ದಳು. ಒಂದು ಶುಕ್ರವಾರ, ಜೀಶಾನ್ ಕೆಲಸ ಬಿಟ್ಟು ಹೋದ ವಾರವೇ. ಅವನು ಮೇಜಿನ ಮೇಲಿಟ್ಟು ಹೋಗಿದ್ದ ಪೆನ್‌ಡ್ರೈವ್ ಚುಚ್ಚಿಕೊಂಡು, ಅವನ ಮೇಲಿನ ಸಿಟ್ಟನ್ನು ಬೆರಳಿನಲ್ಲಿಟ್ಟುಕೊಂಡು, ಫೋನು ಬೇರೆ ಹೊಡೆದುಕೊಳ್ಳುತ್ತಿದ್ದಾಗ, ಓದದೆಯೇ ಹೌದು ಎಂದು ಒತ್ತಿದ್ದಳು. ಹಳೆಯದರ ಮೇಲೇ ಉಳಿಸಲೇ ಎಂದು ಮತ್ತೊಂದು ಚೌಕ ಕೇಳಿದಾಗ ಅದಕ್ಕೂ ಹೌದು. ಅದೇ ಹೆಸರು, ಅದೇ ಪೆನ್‌ಡ್ರೈವ್. ಉತ್ತರ ತುಂಬಿಕೊಳ್ಳಲು ಮನೆಮನೆ ಸುತ್ತಿದ್ದ ಟ್ಯಾಬ್ಲೆಟ್‌ಗಳನ್ನು ಅಷ್ಟರಲ್ಲಿ ಅಳಿಸಿ ಮುಂದಿನ ಸಮೀಕ್ಷೆಗೆ ಕಳಿಸಿಯಾಗಿತ್ತು. ಫೈಲ್ ಜೀಶಾನ್ ಕೊಟ್ಟಾಗ ಚೆನ್ನಾಗಿಯೇ ಇತ್ತು. ಹೇಮಶ್ರೀ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಕಿಟಕಿಯಾಚೆ ಎಳನೀರು ಗಾಡಿಯವನು ಯಾರಿಗೋ ಗಂಜಿ ಇರೋದು ಕೊಡ್ಲಾ ಎಂದು ಕೇಳುತ್ತಿದ್ದ. ಪ್ರಪಂಚ ಎಷ್ಟು ಸರಾಗವಾಗಿ ನಡೆಯುತ್ತಿದೆ ಅನ್ನಿಸಿ ಅವಳಿಗೆ ಅವಮಾನವಾಯಿತು.

ಹೇಳಿಬಿಡೋಣ ಎಂದು ಎದ್ದು ನಂದಿತಾ ಅವರ ಕೋಣೆಯ ತನಕ ಹೋದಳು. ಅವರು ಆಗ ತಾನೇ ಫೋನ್ ಕೆಳಗಿಡುತ್ತಿದ್ದರು, ಮುಖದಲ್ಲಿ ಇನ್ನೂ ನಗುವಿತ್ತು.

"ಜೀಶಾನ್‌ಗೇ ಮಾಡಿದ್ದೆ. ಪಾಪ, ಒಂದು ಮಾತು ಎದುರಾಡ್ಲಿಲ್ಲ. ನನ್ನಿಂದ್ಲೇ ಆಗಿರುತ್ತೆ ಮೇಡಂ, ಹೇಮಾನ ಕಳ್ಸಿ, ಕೂತು ಸರಿ ಮಾಡ್ಕೊಡ್ತೀನಿ ಅಂದ್ರು. ಅರ್ಧಕ್ಕರ್ಧ ಇಂಟರ್‌ವ್ಯೂ ಅವರೇ ಮಾಡಿದ್ದಲ್ವಾ? ಹೋಗ್ಬನ್ನಿ."

ನನ್ನಿಂದ್ಲೇ ಆಗಿರುತ್ತೆ. ಹೇಮಶ್ರೀಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಮಾಡದ ತಪ್ಪನ್ನು ಅಷ್ಟು ಸಲೀಸಾಗಿ ಹೆಗಲ ಮೇಲೆ ಹಾಕಿಕೊಳ್ಳಲು ಇವನಿಗೇನು ಅಧಿಕಾರ? ಹಾಗೆ ಹಾಕಿಕೊಂಡು ಅವಳಿಂದ ಒಪ್ಪಿಕೊಳ್ಳುವ ಅವಕಾಶವನ್ನೂ ಕಿತ್ತುಕೊಂಡಿದ್ದ. ಬಾಯಿ ತೆರೆದಳು. ಬಾಗಿಲಲ್ಲಿ ಹಂಸ ಮುಖಪುಟದ ಬಣ್ಣ ತೋರಿಸಲು ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು. "ಸರಿ ಮೇಡಂ," ಎಂದು ಹೇಮಶ್ರೀ ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು.

ಶಿವಾಜಿನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಇಂಥ ದಿನ ಸೀಟು ಸಿಗುವುದೂ ಒಂದು ಚುಚ್ಚುಮಾತಿನ ಹಾಗೆ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸಕ್ಕೆ ಕೂತಳು. ಕೈ ಕೆಲಸದಲ್ಲಿದ್ದರೆ ಮನಸ್ಸು ಬಾಲ ಮುದುರಿಕೊಂಡಿರುತ್ತದೆ ಎಂಬುದು ಅವಳ ಅನುಭವ. ತಾನೇ ಬರೆದ ನಾಲ್ಕು ಸಾಲಿನ ಒಂದು ಪ್ರೋಗ್ರಾಂ ಓಡಿಸಿದಾಗ ಇಂದಿರಾನಗರದ ಸಿಗ್ನಲ್ಲಿನಲ್ಲಿ ಕನ್ನಡ ಮರಳಿ ಬಂತು. ನಿಜವಾಗಿಯೂ ಬಂತು, ಪರದೆಯ ಮೇಲೆ ಒಂದೊಂದಾಗಿ ಅ, ನ, ಮ ಮೂಡುವುದನ್ನು ನೋಡಿ ಅವಳು ಆ ಎಂದು ಸಣ್ಣ ಸದ್ದು ಮಾಡಿದಳು. ಪಕ್ಕದ ಮುದುಕರು ಏನಾಯ್ತಮ್ಮ ಎಂದರು. ಏನಿಲ್ಲ ಎಂದಳು. ಆದರೆ ಎಲ್ಲವೂ ಬಂದಿರಲಿಲ್ಲ. ಆವತ್ತು ಯಾವುದಕ್ಕೆ ಸರಿಸಮ ಇಲ್ಲ ಎಂದು ಯಂತ್ರ ಗೋಗರೆದಿತ್ತೋ ಆ ತುಂಡುಗಳು ಹೋಗಿಯೇ ಹೋಗಿದ್ದವು. ನೋಡಿದರೆ ಅದು ಮುಖ್ಯವಾಗಿ ಎರಡೇ: ಉಕಾರದ ಕೊಂಬು ಮತ್ತು ಒತ್ತಕ್ಷರ ಕಟ್ಟುವ ಅರ್ಧಾಕ್ಷರದ ಗುರುತು. ಎರಡರ ಜಾಗದಲ್ಲೂ ಒಂದೇ ಪ್ರಶ್ನೆ ಚಿಹ್ನೆ. "ಹಲಸೂರ? ಕೆರೆ ಸ?ತ?ತಿ ಬರ?ತೀನಿ." ಕನ್ನಡ ಗೊತ್ತಿದ್ದವರಿಗೆ ಇದು ಏನೆಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ನಿಘಂಟಿನಲ್ಲಿದ್ದ ಪದಗಳನ್ನು ಪ್ರೋಗ್ರಾಂ ತಾನೇ ತುಂಬಿಕೊಂಡಿತ್ತು. ಉಳಿದದ್ದು ಜನ ಬಾಯಲ್ಲಿ ಆಡುವ ಮಾತು, ಅದು ಯಾವ ನಿಘಂಟಿನಲ್ಲೂ ಇಲ್ಲ.

ಬಸ್ಸು ಹಲಸೂರು ದಾಟುವಾಗ ಬೇಡವೆಂದರೂ ಆ ಕೇಕ್ ನೆನಪಾಯಿತು. ಜೀಶಾನನ ಕೊನೆಯ ದಿನ ಆಫೀಸಿನವರೆಲ್ಲ ಸೇರಿ ತಂದ ಕೇಕ್. ಐದು ವರ್ಷ ಎದುರುಬದುರು ಕೂತು, ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ಹಂಚಿಕೊಂಡು, ಅವನು ಫೀಲ್ಡಿನಿಂದ ಬಂದು ಅಜ್ಜ ಅಜ್ಜಿಯರ ದನಿಯಲ್ಲಿ ಉತ್ತರಗಳನ್ನು ಅಭಿನಯಿಸಿ ಓದುವಾಗ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದ ಅವಳು, ಅವನು ಮನೆಯ ಮಿಕ್ಸಿ ಅಂಗಡಿಗೆ ಹೋಗಿ ಕೂರುತ್ತೇನೆ ಎಂದಾಗ ನಿನ್ನಿಷ್ಟ ಎಂದಿದ್ದಳು. ಕೇಕ್ ಕತ್ತರಿಸುವ ಹೊತ್ತಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಎಂದು ಹೊರಟಿದ್ದಳು. ಹಲ್ಲುನೋವಿರಲಿಲ್ಲ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಳಿದು, ಮನೆಗೆ ಹೋಗಲು ಮನಸ್ಸಾಗದೆ, ಆ ಗದ್ದಲದಲ್ಲಿ ಕಡಲೆಕಾಯಿ ತಿನ್ನುತ್ತ ನಿಂತಿದ್ದಳು. ಬಿಟ್ಟು ಹೋಗುವವರ ಮೇಲೆ ಸಿಟ್ಟು ಮಾಡಿಕೊಂಡರೆ ಬಿಟ್ಟವರು ತಾವೇ ಎಂಬ ಭ್ರಮೆಯಾದರೂ ಉಳಿಯುತ್ತದೆ. ಆಮೇಲೆ ಅವನು ಎರಡು ಸಲ ಫೋನ್ ಮಾಡಿದ್ದ. ಇವಳು ಒಂದು ಸಲವೂ ತಿರುಗಿ ಮಾಡಿರಲಿಲ್ಲ.

ಅಂಗಡಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಮಿಕ್ಸಿ, ಕುಕ್ಕರ್, ಗ್ರೈಂಡರ್ ಮಾರಾಟ ಮತ್ತು ರಿಪೇರಿ. ಜೀಶಾನ್ ಒಂದು ಜಾರಿನ ಬ್ಲೇಡು ಬಿಚ್ಚುತ್ತಿದ್ದವನು ತಲೆಯೆತ್ತಿ, ನಿನ್ನೆ ಸಂಜೆ ಬಿಟ್ಟು ಹೋದವಳನ್ನು ನೋಡಿದ ಹಾಗೆ, "ಊಟ ಆಯ್ತಾ?" ಎಂದ. ಗಲ್ಲಾದಲ್ಲಿ ಕೂತಿದ್ದ ಅವನ ತಾಯಿ ನೂರ್ಜಹಾನ್ ಕನ್ನಡಕದ ಮೇಲಿಂದ ನೋಡಿ, "ಅರೆ, ಹೇಮಾ ಅಂದ್ರೆ ಇವಳೇನಾ? ಬಾ ಬೇಟಾ. ಚಾ ನಕ್ಕೊ ಅಂತ ಮಾತ್ರ ಅನ್ಬೇಡ," ಎಂದು ಪಕ್ಕದ ಹೋಟೆಲಿನ ಕಡೆ ತಿರುಗಿ ಎರಡು ಬೆರಳು ತೋರಿಸಿದರು. ಹೇಮಶ್ರೀ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಒಂದರ ಮೇಲೊಂದು ಬಿದ್ದವು.

"ಮೇಡಂ ಹತ್ರ ಯಾಕೆ ಹಾಗಂದೆ? ನೀನು ಮಾಡಿಲ್ಲ ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು. ಕೊಡೋ ಮುಂಚೆ ಎರಡು ಸಲ ತೆಗ್ದು ನೋಡಿದ್ದೆ."

"ಮತ್ತೆ?"

"ನೀನಾಗಿ ಬರೋಳಲ್ಲ. ತಪ್ಪು ನಂದು ಅಂದ್ರೆ ಅವರೇ ಕಳಿಸ್ತಾರೆ ಅಂದ್ಕೊಂಡೆ." ಅವನು ಬ್ಲೇಡನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದ. "ಬಂದ್ಯಲ್ಲ. ಕೂತ್ಕೋ, ತೆಗಿ ಅದನ್ನ."

ಹೇಮಶ್ರೀ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಅವಳು ಓದುವುದು, ಅವನು ಕೇಳಿ ಹೇಳುವುದು ಎಂದಾಯಿತು. ಮೊದಲ ಉತ್ತರಕ್ಕೇ ಜಗಳ. "ಸುತ್ತಿ ಬರುತೀನಿ," ಎಂದು ಅವಳು ಓದಿದಳು. "ಯಾರು ಹಾಗೆ ಮಾತಾಡ್ತಾರೆ ಮಾರಾಯ್ತಿ? ಬರ್ತೀನಿ. ಬರ್‌ತೀ‌ನಿ," ಎಂದು ಅವನು ನಾಲಿಗೆ ಮಡಿಸಿ ತೋರಿಸಿದ. ಹೌದಲ್ಲ ಅನ್ನಿಸಿತು. ಹಲಸೂರಿನಲ್ಲೇ ಹುಟ್ಟಿ ಬೆಳೆದ ಅವಳೂ ದಿನವಿಡೀ ಬರ್ತೀನಿ ಎಂದೇ ಅನ್ನುವವಳು, ಆದರೆ ಕೀಲಿಮಣೆಯ ಮುಂದೆ ಕೂತ ತಕ್ಷಣ ಶಾಲೆಯ ಉಕ್ತಲೇಖನದ ಮೇಷ್ಟರು ಹಿಂದೆ ಬಂದು ನಿಂತುಬಿಡುತ್ತಿದ್ದರು. ಆಮೇಲಾಮೇಲೆ ಮೇಷ್ಟರು ಎದ್ದು ಹೋದರು. ಕೆ.ಆರ್. ಪುರದ ಒಬ್ಬ ಅಜ್ಜ, ನೋವಿಲ್ಲ ಅಂತ ಯಾರಿಗೂ ಹೇಳಲ್ಲ, ಹೇಳಿದ್ರೆ ಕೆಲಸ ಹಚ್ತಾರೆ, ಎಂದಿದ್ದರು. ಹಲಸೂರಿನ ಒಬ್ಬಾಕೆ ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ ಮತ್ತೆ ಹತ್ತಿಸಿ ಇಡುತ್ತಿದ್ದರು, ಯಾಕೆ ಎಂದರೆ ಹತ್ತೋಕಾಗುತ್ತಲ್ಲ ಅದಕ್ಕೆ. ಫ್ರೇಜರ್ ಟೌನಿನ ಒಬ್ಬರು ಮಸೀದಿಯ ಮೆಟ್ಟಿಲನ್ನು ಪಕ್ಕದ ಕಂಬಿ ಹಿಡಿಯದೆ ಹತ್ತಿ, ಹಿಂದೆ ತಿರುಗಿ ಯಾರಾದರೂ ನೋಡಿದರಾ ಎಂದು ನೋಡುತ್ತಿದ್ದರು. ಇನ್ನೊಬ್ಬರದು ಒಂದೇ ಪದ: ಕುಣೀತೀನಿ. ಜೀಶಾನ್ ಒಬ್ಬೊಬ್ಬರನ್ನೂ ನೆನಪಿಟ್ಟುಕೊಂಡು ಅವರ ದನಿಯಲ್ಲೇ ಹೇಳುತ್ತಿದ್ದ. ನೂರ್ಜಹಾನ್ ಗಲ್ಲಾದಿಂದ ಕೂತಲ್ಲೇ, "ನಂದೂ ಬರ್ಕೊ. ನೋವಿಲ್ದಿದ್ರೆ ನಾನು ರಸೆಲ್ ಮಾರ್ಕೆಟ್‌ಗೆ ನಡ್ಕೊಂಡು ಹೋಗಿ, ಆ ಮಟನ್ ಅಂಗಡಿಯವನ ಹತ್ರ ಜಗಳ ಮಾಡಿ ಬರ್ತೀನಿ," ಎಂದರು. "ಅಮ್ಮೀ, ಸಮೀಕ್ಷೆ ಮುಗ್ದೋಗಿದೆ." "ಜಗಳ ಮುಗ್ದಿಲ್ವಲ್ಲ!" ಹೇಮಶ್ರೀ ನಕ್ಕಳು. ತಿಂಗಳುಗಳಿಂದ ಈ ನಗು ತನ್ನ ಬಾಯಿಗೆ ಬಂದಿರಲಿಲ್ಲ ಎಂದು ನಗುತ್ತಿರುವಾಗಲೇ ಗೊತ್ತಾಗಿ, ಒಳಗೆಲ್ಲೋ ಆ ಬೆಳಗಿನ ಸುಳ್ಳು ಅಂಟಿಕೊಂಡ ಕಡಲೆ ಸಿಪ್ಪೆಯ ಹಾಗೆ ಚುಚ್ಚಿತು.

ಆಗಲೇ ನಂದಿತಾ ಅವರ ಫೋನ್ ಬಂತು. ಅದೇ ಹೊತ್ತಿಗೆ ದಪ್ಪ ಜಡೆಯ ಒಬ್ಬ ಗಿರಾಕಿ ಹೆಂಗಸು ಮಿಕ್ಸಿಯನ್ನು ಕಾಳು ಹಾಕಿ ಓಡಿಸಿಯೇ ನೋಡಬೇಕೆಂದು ಹಟ ಹಿಡಿದು, ಮನೆಯಿಂದ ತಂದ ಹುರಿಗಡಲೆಯನ್ನು ಜಾರಿಗೆ ಸುರಿದಿದ್ದಳು. ಜೀಶಾನ್ ಗುಂಡಿ ತಿರುಗಿಸಿದ. ಗಲ್ಲಿಯೇ ಗುರ್ ಎಂದಿತು.

"ಎಲ್ಲಿಗೆ ಬಂತು ಹೇಮಾ?"

"ಮೇಡಂ, ಹೆಚ್ಚುಕಡಿಮೆ ಎಲ್ಲಾ ಸಿಕ್ತು. ಇನ್ನೊಂದು ವಿಷಯ. ಆ ಫೈಲ್ ಹಾಳು ಮಾಡಿದ್ದು ಜೀಶಾನ್ ಅಲ್ಲ."

"ಏನು? ಕೇಳಿಸ್ತಿಲ್ಲ!"

"ಜೀಶಾನ್ ಅಲ್ಲ ಮೇಡಂ!"

"ಜೀಶಾನ್ ಇಲ್ವಾ? ಎಲ್ಲೋದ್ರು?"

ಒಂದು ಕಿವಿ ಮುಚ್ಚಿಕೊಂಡು, ಕಣ್ಣನ್ನೂ ಮುಚ್ಚಿಕೊಂಡು, ಹೇಮಶ್ರೀ ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿದಳು: "ಹಾಳು ಮಾಡಿದ್ದು ನಾನೇ! ನೋಡ್ದೆ ಒತ್ಬಿಟ್ಟೆ! ನಾನೇ ಹಾಳು ಮಾಡಿದ್ದು!" ಅವಳು ಕೂಗಲು ಶುರು ಮಾಡಿದಾಗ ಓಡುತ್ತಿದ್ದ ಮಿಕ್ಸಿ ಮುಗಿಸುವಾಗ ನಿಂತಿತ್ತು. ಕೊನೆಯ ಮಾತು ಗಲ್ಲಿಯ ಆ ತುದಿಯ ತನಕ ಹೋಗಿ ಬಂತು. ಎದುರಿನ ಚಪ್ಪಲಿ ಅಂಗಡಿಯವರು ಇಣುಕಿದರು. ಜಡೆಯ ಹೆಂಗಸು ಜಾರನ್ನು ಎರಡೂ ಕೈಯಲ್ಲಿ ಹಿಂದಕ್ಕೆ ನೂಕಿ, "ಏನ್ರೀ ಇದು, ಇವ್ರು ಹಾಳು ಮಾಡಿದ್ದನ್ನ ನಂಗೆ ಮಾರ್ತಿದೀರಾ?" ಎಂದಳು. "ಇದಲ್ಲಮ್ಮ, ಅವಳು ಹಾಳು ಮಾಡಿದ್ದು ಬೇರೆ," ಎಂದು ಜೀಶಾನ್ ಹೇಳುವಷ್ಟರಲ್ಲಿ ನೂರ್ಜಹಾನ್ ನಗಲು ಶುರು ಮಾಡಿ, ಕೆಮ್ಮು ಬಂದು, ನೀರು ಕುಡಿಯಬೇಕಾಯಿತು. ಫೋನನ್ನು ಕಿವಿಗೆ ಒತ್ತಿ ಹಿಡಿದ ಹೇಮಶ್ರೀ ತನ್ನ ಕೆಲಸ, ಮರ್ಯಾದೆ, ಹಂಸಳ ನಗು ಎಲ್ಲವನ್ನೂ ಒಮ್ಮೆ ನೋಡಿ ಬಂದಳು. ಆಮೇಲೆ ನಂದಿತಾ, "ಸರಿ. ಅದನ್ನ ಅಷ್ಟು ಕಿರುಚಿ ಹೇಳ್ಬೇಕಿತ್ತಾ? ಜೀಶಾನ್‌ಗೆ ಸಾರಿ ಹೇಳಿ. ಉತ್ತರಗಳು ಎಷ್ಟೊತ್ತಿಗೆ ಸಿಗುತ್ತೆ?" ಎಂದರು. ಅಷ್ಟೇ. ಬೆಳಗಿನಿಂದ ಅವಳು ಹೊತ್ತುಕೊಂಡು ತಿರುಗಿದ ಅಪರಾಧ ಬೇರೆಯವರ ಕೈಗೆ ಬಂದ ಕೂಡಲೇ ಒಂದು ಹುರಿಗಡಲೆಯಷ್ಟಾಗಿತ್ತು. ಅದು ಅವಳಿಗೆ ಸ್ವಲ್ಪ ನಿರಾಸೆಯನ್ನೂ ಮಾಡಿತು ಎಂಬುದನ್ನು ಅವಳು ಯಾರಿಗೂ ಹೇಳಲಾರಳು.

"ಸಾರಿ," ಎಂದಳು ಜೀಶಾನನಿಗೆ. "ಕೇಕ್‌ಗೂ ಸೇರ್ಸಿ."

"ಕೇಕ್ ಚೆನ್ನಾಗಿರ್ಲಿಲ್ಲ ಬಿಡು," ಎಂದ ಅವನು.

ಕೊನೆಗೆ ಒಂದೇ ಒಂದು ಉತ್ತರ ಉಳಿಯಿತು. ಗರುಡಾಚಾರ್‌ಪಾಳ್ಯದ್ದು. "ಬೀದಿ ಬಾಗಿಲಲ್ಲಿ ಕುಂತು ಹೋಗೋರ ಬರೋರ ಪ?ರಾಣ ತೆಗಿತೀನಿ." ಹೇಮಶ್ರೀ ಪುರಾಣ ಎಂದು ಓದಿದಳು. ಪರದೆಗೆ ಬಗ್ಗಿ ನೋಡಿದ ಜೀಶಾನ್ ಪ್ರಾಣ ಎಂದು ಓದಿದ. ಪುರಾಣ ತೆಗೆಯುವುದೂ ಸರಿ, ಅಜ್ಜಿ ಬಾಗಿಲಲ್ಲಿ ಕೂತು ಎಲ್ಲರ ಕಥೆಯನ್ನೂ ಎಳೆದು ಬಿಡಿಸುತ್ತಾಳೆ. ಪ್ರಾಣ ತೆಗೆಯುವುದೂ ಸರಿ, ಅಜ್ಜಿ ಎಲ್ಲರನ್ನೂ ಗೋಳು ಹೊಯ್ದುಕೊಳ್ಳುತ್ತಾಳೆ. ಕೊಂಬು ಇಟ್ಟರೆ ಒಂದು, ಒತ್ತು ಕೊಟ್ಟರೆ ಇನ್ನೊಂದು. ಆ ಮನೆಗೆ ಹೋಗಿದ್ದವನು ಜೀಶಾನನೇ, ಚಿಕ್ಕಮುನಿಯಮ್ಮ ಎಂದು ಹೆಸರು, ಬಾಗಿಲ ಪಕ್ಕದ ಜಗಲಿ, ಕೊಟ್ಟ ಮಜ್ಜಿಗೆ ಎಲ್ಲ ಅವನಿಗೆ ನೆನಪಿತ್ತು. ಈ ಅಕ್ಷರ ಮಾತ್ರ ನೆನಪಿರಲಿಲ್ಲ.

"ಎರಡರಲ್ಲಿ ಒಂದು ಹಾಕ್ಬಿಡು," ಎಂದ.

"ಭಾನುವಾರ ಅವರ ಬೀದಿಯವರ ಮುಂದೇನೇ ಓದ್ತಾರೆ. ಪುರಾಣ ಅಂದಿದ್ದನ್ನ ಪ್ರಾಣ ಅಂತ ಓದಿದ್ರೆ?" ಬೆಳಿಗ್ಗೆ ಒಂದು ಸಲ ನೋಡದೆ ಹೇಳಿಯಾಗಿದೆ, ಸಾಕು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. "ನಂಗೆ ಆ ಕಡೇನೇ ಮನೆ. ಕೇಳ್ಕೊಂಡೇ ಹೋಗ್ತೀನಿ."

ಎಂ.ಜಿ. ರೋಡಿನಲ್ಲಿ ಮೆಟ್ರೋ ಹಿಡಿದಳು. ಟಿನ್ ಫ್ಯಾಕ್ಟರಿಯ ಮೇಲೆ ಹೋಗುವಾಗ ಕೆಳಗೆ ಬಸ್ಸು, ಲಾರಿ, ಜನ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದರು. ಇಳಿಬಿಸಿಲು ಎಲ್ಲರ ತಲೆಯ ಮೇಲೂ ಬಿದ್ದಿತ್ತು. ಇಷ್ಟು ದೂರ ಒಂದು ಕೊಂಬಿಗಾಗಿ ಹೋಗುತ್ತಿದ್ದೇನೆ ಎಂದುಕೊಂಡಾಗ ಅವಳಿಗೆ ತಾನು ಹುಚ್ಚಿಯೋ ಜವಾಬ್ದಾರಿಯವಳೋ ತಿಳಿಯಲಿಲ್ಲ. ಯಾವುದಾದರೂ ಆಗಲಿ, ಮೈ ಹಗುರವಾಗಿತ್ತು.

ಚಿಕ್ಕಮುನಿಯಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ; ಎರಡು ಕಾರ್ಖಾನೆ ಶೆಡ್ಡುಗಳ ನಡುವೆ ಉಳಿದುಕೊಂಡ ಹಳೆಯ ಬೀದಿಯಲ್ಲಿ ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು, ಎಲೆಅಡಿಕೆಯಿಂದ ಬಾಯಿ ಕೆಂಪಾಗಿತ್ತು. ಒಳಗೆ ಸೊಸೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಸದ್ದು. ಹೇಮಶ್ರೀ ತಾನು ಯಾರೆಂದು ಹೇಳಿ, ಉತ್ತರವನ್ನು ಓದಿ, ಪುರಾಣವೋ ಪ್ರಾಣವೋ ಎಂದು ಕೇಳಿದಳು. ಮುದುಕಿ ಬೀದಿಯ ಎರಡೂ ಕಡೆ ನೋಡಿ, ಮನೆಯ ಒಳಗೂ ಒಮ್ಮೆ ನೋಡಿ, ಅವಳನ್ನು ಹತ್ತಿರ ಕರೆದಳು.

"ಆವತ್ತು ಆ ಹುಡ್ಗ ಬಂದಿದ್ನಲ್ಲ, ಜೀಸಾನು. ಒಳ್ಳೆ ಹುಡ್ಗ, ಮೆತ್ತಗೆ ಮಾತಾಡ್ತಾನೆ. ಪ್ರಾಣ ಅಂದ್ರೆ ಎದ್ರುಕೊಂಬುಡ್ತಾನೆ ಅಂತ ಪುರಾಣ ಅಂದೆ ಕಣವ್ವ. ನಿಂಗಾದ್ರೆ ಹೇಳ್ಬೋದು. ಪ್ರಾಣನೇ."

ಹೇಮಶ್ರೀಯ ಬೆರಳು ಕೀಲಿಯ ಮೇಲೆ ನಿಂತಿತು. ಇಂಥದ್ದನ್ನು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಆ ದಿನ ಆಡಿದ ಮಾತು ಪುರಾಣ, ಮನಸ್ಸಿನಲ್ಲಿದ್ದದ್ದು ಪ್ರಾಣ. ಸಮೀಕ್ಷೆಗೆ ಬೇಕಾದ್ದು ಆಡಿದ ಮಾತು. ಹಾಗೆಂದು ಈಗ ತಿಳಿದ ನಿಜವನ್ನು ಎಲ್ಲಿಡುವುದು? ಮುದುಕಿ ಅವಳ ಪರದಾಟವನ್ನು ಹಬ್ಬದ ಅಡುಗೆಯ ಹಾಗೆ ಸವಿಯುತ್ತಿದ್ದಳು. ಕೊನೆಗೆ ಹೇಮಶ್ರೀ ಕೊಂಬನ್ನೇ ಇಟ್ಟಳು.

"ಆವತ್ತು ನೀವು ಹೇಳಿದ್ದನ್ನೇ ಬರೀಬೇಕು ಅಜ್ಜಿ. ಪುರಾಣ ಅಂತ ಬರ್ದಿದೀನಿ."

"ಅಂಗೇ ಇರ್ಲಿ ಬುಡು. ನಾಕು ಜನ ಕೇಳೋದು."

"ಯಾಕತ್ತೆ, ಪ್ರಾಣ ಅಂತ್ಲೇ ಬರ್ಸಿ. ಸುಳ್ಳು ಯಾಕೆ?" ಒಗ್ಗರಣೆಯ ಹೊಗೆಯ ಒಳಗಿಂದ ಸೊಸೆಯ ದನಿ ಬಂತು.

"ಕಿವಿ ನೋಡು ಅವಳ್ದು! ಎಲ್ಲಾ ಕೇಳ್ಸ್ಕೊಂತಾಳೆ," ಎಂದು ಚಿಕ್ಕಮುನಿಯಮ್ಮ ಮೈ ಕುಲುಕಿಸಿ ನಕ್ಕಳು. ಒಳಗಿನ ದನಿಯೂ ನಕ್ಕಿತು. ಹೇಮಶ್ರೀ ಅಲ್ಲಿಂದಲೇ ಫೈಲನ್ನು ಹಂಸಳಿಗೆ ಕಳಿಸಿದಳು. ಜೀಶಾನನಿಗೆ ಪುರಾಣ ಎಂದಷ್ಟೇ ಬರೆದು, ಉಳಿದದ್ದನ್ನು ನಾಳೆ ಅಂಗಡಿಗೆ ಹೋಗಿ ಅಜ್ಜಿಯ ದನಿಯಲ್ಲೇ ಹೇಳಬೇಕೆಂದು ಇಟ್ಟುಕೊಂಡಳು. ಹೊರಡಲು ಎದ್ದಾಗ ಮುದುಕಿ ಅವಳ ಸೆರಗು ಹಿಡಿದು ಜಗ್ಗಿದಳು.

"ಎಲ್ಲಿಗೋಯ್ತೀಯ, ಕುಂತ್ಕೊ. ಇವತ್ತು ನಂಗೆ ಮಂಡಿನೋವಿಲ್ಲ. ಎಲ್ಲಿ ನಿನ್ನ ಮನೆ? ಮನೇಲಿ ಯಾರ್ಯಾರವ್ರೆ? ಅತ್ತೆ ಅವ್ಳಾ?"

ಹೇಮಶ್ರೀ ಗಡಿಯಾರ ನೋಡಿಕೊಳ್ಳಲು ಕೈಯೆತ್ತಿದವಳು ನೋಡಲಿಲ್ಲ. ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕಾಲು ಮಡಚಿ ಚಕ್ಕಂಬಕ್ಕಳ ಹಾಕಿ ಕೂತಳು.

"ನಮ್ಮತ್ತೆ ಇದಾರಲ್ಲ ಅಜ್ಜಿ," ಎಂದು ಶುರು ಮಾಡಿದಳು.

ಒಳಗಿದ್ದ ಸೊಸೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ಕೂತಳು.